ಅದು ಯಾವ ವಾರ್ಡು

ಕನ್ನಡಿಯಲ್ಲಿ ನಿಂತಿದ್ದವಳು ಯಾರೋ ಒಳ್ಳೆಯ ಹುಡುಗಿ. ಬಿಳಿ ಅಂಗಿ, ಬಿಳಿ ಸ್ಕರ್ಟು, ಬಿಳಿ ಬೂಟು, ಗಂಜಿ ಕುಡಿದು ಸೆಟೆದುಕೊಂಡ ಕಾಲರು. ಗ್ರೇಸಿಲ್ ಅವಳನ್ನು ನೋಡಿ ನಕ್ಕಳು. ಅವಳೂ ಅಷ್ಟೊಂದು ನಂಬಿಕೆಯಿಂದ ನಕ್ಕದ್ದು ಕಂಡು ಇವಳಿಗೇ ನಾಚಿಕೆಯಾಯಿತು. ಹಿಂದೆ ಮಂಡಿಯೂರಿ ಕೂತು ಸ್ಕರ್ಟಿನ ಅಂಚು ಹಿಡಿದಿದ್ದ ತಾಯಿ ಲುಜ್ವಿ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳ ಸಂದಿಯಿಂದಲೇ, "ಉಸಿರು ಎಳ್ಕೊಂಡಿರು, ಬಿಡ್ಬೇಡ," ಎಂದಳು. ಬಿಡಲಿಲ್ಲ. ಎಳೆದುಕೊಂಡ ಗಾಳಿ ಎಷ್ಟು ಹೊತ್ತಿಗೆ ರಕ್ತಕ್ಕೆ ದಾಟಿ ಮುಗಿಯುತ್ತದೆ, ಮುಗಿದ ಮೇಲೆ ಎದೆಗೆ ಅದನ್ನು ಹೇಳುವವರು ಯಾರು ಎಂಬ ಯೋಚನೆ ಶುರುವಾಯಿತು. ಇದೇ ತನ್ನ ರೋಗ ಎಂದುಕೊಂಡಳು. ಅಮ್ಮ ಸೊಂಟದ ಅಳತೆಗೆ ಉಸಿರು ಹಿಡಿ ಎಂದರೆ ಹಿಡಿದುಕೊಂಡು ಸುಮ್ಮನೆ ನಿಂತಿರಲಾರದ ರೋಗ. ಇವತ್ತು ಮಧ್ಯಾಹ್ನದೊಳಗೆ ಅದಕ್ಕೆ ಔಷಧಿ ಆಗಿಬಿಡುತ್ತದೆ. ವಿಷಯ ಬದಲಾಯಿಸಲು ಇವತ್ತೇ ಕಡೆಯ ದಿನ. ಬಯೋಫಿಸಿಕ್ಸ್ ಬಿಟ್ಟು ನರ್ಸಿಂಗಿಗೆ ಸೇರುತ್ತೇನೆಂದು ಅವಳು ತಾಯಿಗೆ ಮಾತು ಕೊಟ್ಟಾಗಿತ್ತು. ನರ್ಸಿಂಗ್ ಮುಗಿಸಿದರೂ ವೈದ್ಯಕೀಯಕ್ಕೆ ಹೋಗಬಹುದು, ಬಯೋಫಿಸಿಕ್ಸ್ ಮುಗಿಸಿದರೂ ಹೋಗಬಹುದು. ವ್ಯತ್ಯಾಸವೆಂದರೆ ನರ್ಸಿಂಗಿನವರಿಗೆ ಯೂನಿಫಾರ್ಮು ಇದೆ. "ಜೇಬಿನ ಮೇಲೆ ಬ್ಯಾಡ್ಜಿಗೆ ಜಾಗ ಬಿಟ್ಟಿದೀನಿ," ಎಂದಳು ಲುಜ್ವಿ ಸೂಜಿಗಳನ್ನು ಅಂಗೈಗೆ ಉಗುಳಿಕೊಂಡು. "ನೀನು ಕಾಗದ ಕೊಟ್ಟು ಬಾ ದೊಕ್ತೋರಾ, ಸಾಯಂಕಾಲಕ್ಕೆ ಹೊಲಿದುಬಿಡ್ತೀನಿ."

ಓತೊನ್ ಊರಿನಲ್ಲಿ ಬಿಳಿ ಉಡುವ ಹುಡುಗಿಯರೆಲ್ಲ ಲುಜ್ವಿಯ ಅಂಗಡಿಗೇ ಬರಬೇಕು. ನರ್ಸಿಂಗಿನವರು, ರಕ್ತಪರೀಕ್ಷೆ ಕಲಿಯುವವರು, ಹೆರಿಗೆ ಮಾಡಿಸಲು ಕಲಿಯುವವರು, ಎಲ್ಲರೂ. ಜೀಪ್ನಿಗಳು, ಅಂದರೆ ಎದುರುಬದುರು ಬೆಂಚಿನ ಬಾಡಿಗೆ ಜೀಪುಗಳು, ನಿಲ್ಲುವ ಜಾಗದ ಎದುರಿಗೇ ಅಂಗಡಿ. ಕಾಲೇಜು ಶುರುವಾಗುವ ತಿಂಗಳಲ್ಲಿ ಒಳಗೆ ಕಾಲಿಡಲು ಜಾಗವಿರುವುದಿಲ್ಲ, ನೆಲದ ತುಂಬ ಬಿಳಿ ಚಿಂದಿ. ಊರಿಗೆಲ್ಲ ಬಿಳಿ ಉಡಿಸಿದವಳ ಮಗಳು, ಆರನೇ ವಯಸ್ಸಿನಿಂದ ಬೀದಿಯವರೆಲ್ಲ ದೊಕ್ತೋರಾ, ಡಾಕ್ಟರಮ್ಮ, ಎಂದು ಕರೆದ ಮಗಳು, ದಿನಾ ಬೆಳಿಗ್ಗೆ ಮಂಡಿ ಮಾಸಿದ ಜೀನ್ಸಿನಲ್ಲಿ ಅದೇ ಹುಡುಗಿಯರ ಜೊತೆ ಜೀಪ್ನಿ ಹತ್ತುತ್ತಿದ್ದಳು. ಬಯೋಫಿಸಿಕ್ಸಿಗೆ ಯೂನಿಫಾರ್ಮು ಇಲ್ಲ. ಮೊದಲ ವರ್ಷ ಲುಜ್ವಿ ಅದನ್ನು ನಂಬಿರಲೇ ಇಲ್ಲ. ಕಾಲೇಜಿಗೇ ಬಂದು ವಿಭಾಗದ ಬಾಗಿಲಲ್ಲಿ ನಿಂತು, "ಸರ್, ಹುಡುಗಿ ಸರಿಯಾಗಿ ಕೇಳಿಸ್ಕೊಂಡಿರಲ್ಲ, ಬಟ್ಟೆ ಯಾವುದು ಅಂತ ಹೇಳ್ಬಿಡಿ, ಬಣ್ಣ ಕಂದು ಆದ್ರೂ ಪರವಾಗಿಲ್ಲ," ಎಂದಿದ್ದಳು. ಸರ್ ಬಾಲ್ತಾಸರ್ ತಮ್ಮ ಅಂಗಿಯನ್ನೇ ಒಮ್ಮೆ ನೋಡಿಕೊಂಡು, ಮೈ ಮುಚ್ಚಿದ್ದರೆ ಸಾಕು ಎಂದಿದ್ದರು. ಆ ಹೊತ್ತು ಗ್ರೇಸಿಲ್ ಕಂಬದ ಮರೆಗೆ ಸರಿದು ನಿಂತಿದ್ದಳು. ಯಾರ ಬಗ್ಗೆ ನಾಚಿಕೆ ಪಡಬೇಕೆಂದು ಗೊತ್ತಾಗದೆ ಕೊನೆಗೆ ಕಂಬದ ಬಗ್ಗೆ ನಾಚಿಕೆಪಟ್ಟಳು.

ಅಂಗಡಿಗೆ ಬಂದ ತಾಯಂದಿರು ಅಳತೆ ಕೊಡುತ್ತಾ, ನಿಮ್ಮ ಮಗಳದು ಯಾವ ಕಾಲೇಜು, ಯಾಕೆ ಬಿಳಿ ಇಲ್ಲ ಎಂದು ಕೇಳುವರು. ಲುಜ್ವಿಗೆ ಉತ್ತರ ಬಾಯಿಪಾಠವಾಗಿತ್ತು, ಏಕೆಂದರೆ ಅದನ್ನು ಕಲಿಸಿದವಳು ಗ್ರೇಸಿಲ್. ವೈದ್ಯಕೀಯದ ಪ್ರವೇಶ ಪರೀಕ್ಷೆಯಲ್ಲಿ ಎಲ್ಲರೂ ಮುಗ್ಗರಿಸುವುದು ಫಿಸಿಕ್ಸಿನಲ್ಲಿ. ಬಯೋಫಿಸಿಕ್ಸ್ ಓದಿದವರಿಗೆ ಅದು ಎಡಗೈ ಕೆಲಸ. ಮಿಕ್ಕವರು ಒದ್ದಾಡುವಾಗ ನಮ್ಮ ಹುಡುಗಿ ಹಲ್ಲು ಚುಚ್ಚಿಕೊಳ್ಳುತ್ತಾ ಕೂತಿರುತ್ತಾಳೆ. ಹಲ್ಲು ಚುಚ್ಚಿಕೊಳ್ಳುವುದು ಲುಜ್ವಿಯ ಸ್ವಂತ ಸೇರ್ಪಡೆ. ಉತ್ತರ ಸುಳ್ಳೇನೂ ಅಲ್ಲ, ಯಾರೋ ಸಲಹೆಗಾರ್ತಿ ಹೇಳಿದ್ದೇ. ಆದರೆ ಗ್ರೇಸಿಲ್ ಆ ವಿಷಯ ಆರಿಸಿಕೊಂಡದ್ದು ಅದಕ್ಕಲ್ಲ. ಅಸಲಿಗೆ ಆದದ್ದು ಹೀಗೆ: ದಾಖಲಾತಿಯ ದಿನ ಬಯಾಲಜಿಯ ಸಾಲು ಮೆಟ್ಟಿಲಿಳಿದು ಮೈದಾನದವರೆಗೆ ಹೋಗಿತ್ತು. ಅಲ್ಲಿ ನಿಂತು ಬೆವರುತ್ತಿದ್ದವಳು ಸುಮ್ಮನೆ ನೆರಳಿಗೆಂದು ಪಕ್ಕದ ಕೋಣೆಗೆ ನುಗ್ಗಿದ್ದಳು. ಒಳಗೆ ತೆಳ್ಳಗಿನ ಮನುಷ್ಯನೊಬ್ಬ, ಸರ್ ಬಾಲ್ತಾಸರ್ ಎಂದು ಆಮೇಲೆ ತಿಳಿಯಿತು, ಒಂದು ಕೊಳವೆಯ ಈ ತುದಿಗೆ ದೊಡ್ಡ ಸಾಬೂನು ಗುಳ್ಳೆ, ಆ ತುದಿಗೆ ಚಿಕ್ಕದು ಊದಿ, ನಡುವಿನ ತಿರುಪು ತೆಗೆಯುತ್ತೇನೆ, ಏನಾಗುತ್ತೆ ಹೇಳಿ ಎಂದು ಕೇಳುತ್ತಿದ್ದ. ದೊಡ್ಡದು ಚಿಕ್ಕದಕ್ಕೆ ಗಾಳಿ ಕೊಡುತ್ತದೆ, ಎರಡೂ ಸಮ ಆಗುತ್ತವೆ ಎಂದರು ಎಲ್ಲರೂ. ಇಗರ್ಜಿಯಲ್ಲಿ ಬೆಳೆದ ಮಕ್ಕಳು ಇನ್ನೇನು ಹೇಳಬೇಕು. ಗ್ರೇಸಿಲ್ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು. ತಿರುಪು ತೆಗೆದರೆ ಚಿಕ್ಕ ಗುಳ್ಳೆ ಇನ್ನೂ ಚಿಕ್ಕದಾಗಿ, ಇದ್ದಬದ್ದ ಗಾಳಿಯನ್ನೆಲ್ಲ ದೊಡ್ಡದಕ್ಕೆ ಕೊಟ್ಟು ಇಲ್ಲವಾಯಿತು. "ನಿಮ್ಮ ಎದೆಯೊಳಗೆ ಇಂಥಾವು ಕೋಟಿಗಟ್ಟಲೆ ಇದಾವೆ," ಎಂದ ಆ ಮನುಷ್ಯ, "ಚಿಕ್ಕವೆಲ್ಲ ದೊಡ್ಡದರೊಳಗೆ ಹೋಗ್ದೆ ಹೇಗೆ ಉಳ್ಕೊಂಡಿವೆ?" ಎಂದ. ಅಷ್ಟೇ. ತಾನು ಅಷ್ಟು ಗಟ್ಟಿಯಾಗಿ, ಅಷ್ಟು ಪೂರ್ತಿಯಾಗಿ ತಪ್ಪಿದ್ದು ಅವಳಿಗೆ ಎಂಥ ಖುಷಿ ಕೊಟ್ಟಿತೆಂದರೆ, ನೆರಳಿಗೆ ಬಂದವಳು ಹೆಸರು ಬರೆಸಿಯೇ ಹೊರಬಂದಳು. ಜೀಪ್ನಿಯಲ್ಲಿ ಮನೆಗೆ ಮರಳುವಾಗ ದಾರಿಯುದ್ದಕ್ಕೂ ಇದನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ಯೋಚಿಸಿದಳು. ಗುಳ್ಳೆ ನೋಡಿ ಸೇರಿದೆ ಎನ್ನಲು ಬಾಯಿ ಬರಲಿಲ್ಲ. ಖುಷಿಗೆ ಆರಿಸಿಕೊಂಡದ್ದನ್ನು ಜಾಣತನಕ್ಕೆ ಆರಿಸಿಕೊಂಡೆ ಎಂದು ಹೇಳಿಬಿಟ್ಟಳು. ಅಮ್ಮ ಅದನ್ನು ಎಷ್ಟು ಹೆಮ್ಮೆಯಿಂದ ನಂಬಿದಳೆಂದರೆ ಆ ರಾತ್ರಿ ಮೀನಿನ ದೊಡ್ಡ ತುಂಡು ಇವಳ ತಟ್ಟೆಗೆ ಬಂತು.

ಆ ಜಾಣತನಕ್ಕೆ ಕಲ್ಲು ಬಿದ್ದದ್ದು ಹೋದ ಭಾನುವಾರ. ಪೂಜೆ ಮುಗಿದು ಇಗರ್ಜಿಯ ಬಾಗಿಲಲ್ಲಿ ಪಕ್ಕದ ಮನೆಯ ನಾಂಗ್ ದೆಲಿಂಗ್ ಸಿಕ್ಕು, ತನ್ನ ಅಕ್ಕನ ಮಗಳು ಪ್ರವೇಶ ಪರೀಕ್ಷೆ ಪಾಸಾದಳೆಂದು, ಅದರಲ್ಲೂ ಫಿಸಿಕ್ಸಿನಲ್ಲೇ ಹೆಚ್ಚು ಬಂದಿದೆಯೆಂದು ಹೇಳಿದಳು. ಆ ಹುಡುಗಿ ಓದಿದ್ದು ನರ್ಸಿಂಗು. ಲುಜ್ವಿ ಮನೆಗೆ ಬಂದು ಅಕ್ಕಿ ತೊಳೆಯುತ್ತಾ, ತಿರುಗಿ ನೋಡದೆ, "ನರ್ಸಿಂಗ್ ಓದಿದವಳೇ ಪಾಸಾದ್ಲಂತೆ. ಮತ್ತೆ ನೀನು ಯಾಕೆ ಅಲ್ಲಿ ಒದ್ದಾಡ್ಬೇಕು ಇಂದಾಯ್, ನನ್ನ ಹುಡುಗಿ?" ಎಂದು ಕೇಳಿದಳು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ಗ್ರೇಸಿಲ್ ಬಳಿ ಇದ್ದದ್ದು ಒಂದೇ ಉತ್ತರ. ಅದನ್ನು ಎರಡು ವರ್ಷದ ಹಿಂದೆ ಹೇಳಬೇಕಿತ್ತು. ಈಗ ಹೇಳಿದರೆ ಅಮ್ಮ ಎರಡು ವರ್ಷದಿಂದ ಊರ ಹೆಂಗಸರ ಸೊಂಟ ಅಳೆಯುತ್ತಾ ಹೇಳಿದ್ದೆಲ್ಲ ಸುಳ್ಳಾಗುತ್ತದೆ. "ಸರಿ, ಬದಲಾಯಿಸ್ತೀನಿ," ಎಂದುಬಿಟ್ಟಳು. ಅಕ್ಕಿಯ ನೀರು ಚೆಲ್ಲಿದ ಕೈಯಲ್ಲೇ ಅಮ್ಮ ಅವಳ ಕೆನ್ನೆ ಹಿಡಿದಳು.

ಜೀಪ್ನಿಯಲ್ಲಿ ಅವಳಿಗೆ ಸಿಕ್ಕಿದ್ದು ಚಾಲಕನ ಬೆನ್ನ ಹಿಂದಿನ ಜಾಗ. ಅಲ್ಲಿ ಕೂತವರಿಗೆ ಊರಿನವರ ಕಾಸೆಲ್ಲ ಕೈಯಿಂದ ಕೈಗೆ ದಾಟಿಸುವ, ಚಿಲ್ಲರೆ ಹಿಂದಕ್ಕೆ ಕಳಿಸುವ ಸಂಬಳವಿಲ್ಲದ ನೌಕರಿ. ಚಾಲಕ ನೊಂಗ್ ಬೆರ್ತಿಂಗ್ ಕನ್ನಡಿಯಲ್ಲೇ ಅವಳನ್ನು ನೋಡಿ, "ಅರೆ, ಕೊನೆಗೂ ಬಟ್ಟೆ ಹಾಕ್ಕೊಂಡ್ಯಲ್ಲ!" ಎಂದ. ಎಲ್ಲರೂ ನಕ್ಕರು. ಎದುರಿಗೆ ಮಡಿಲಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸು. ಅವಳ ಪಕ್ಕದಲ್ಲಿ ಸವೆದುಹೋದ ಒಬ್ಬ ಮುದುಕ. ಅವನ ತೊಡೆಯ ಮೇಲೆ ಹೆಣೆದ ಚೀಲ, ಚೀಲದಿಂದ ಕತ್ತು ಹೊರಹಾಕಿದ ಕೆಂಪು ಕಾದಾಟದ ಹುಂಜ. ಮುದುಕನ ಆಚೆಗೆ ಒಬ್ಬ ದಪ್ಪನೆಯ ಮೇಸ್ತ್ರಿ. ಎರಡೂ ಬೆಂಚಿನಲ್ಲಿ ಇನ್ನೊಂದು ಬೆರಳು ತೂರಿಸಲು ಸಂದಿಯಿರಲಿಲ್ಲ. ಹೊರಗೆ ಬಿಸಿಲು ಏರುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ಕೊಡಬೇಕು, ನಿನ್ನೆ ರಾತ್ರಿಯಿಂದ ಹೊಟ್ಟೆಗೆ ಏನೂ ಹಾಕಿಲ್ಲ ಎಂದು ಮುದುಕ ಮೀನಿನ ಹೆಂಗಸಿಗೆ ಹೇಳುತ್ತಿದ್ದ. ಆಸ್ಪತ್ರೆಗೆ ಹುಂಜ ಯಾಕೆ ಎಂದು ಅವಳು ಕೇಳಿದ್ದಕ್ಕೆ, "ಮನೇಲಿ ಬಿಟ್ಟು ಬಂದ್ರೆ ಅಳಿಯ ಸಾರು ಮಾಡ್ತಾನೆ," ಎಂದ. ಗ್ರೇಸಿಲ್ ಅರ್ಧ ಕೇಳಿಸಿಕೊಂಡಳು. ಉಳಿದರ್ಧ ಅವಳು ಸರ್ ಬಾಲ್ತಾಸರರ ಮುಂದೆ ನಿಂತಿದ್ದಳು. ಅವರ ಸಹಿ ಇಲ್ಲದೆ ಕಾಗದ ನಡೆಯುವುದಿಲ್ಲ. ಅವರು ಬೇಸರಪಡುತ್ತಾರೆ, ಇಡೀ ವಿಭಾಗಕ್ಕೆ ಇರುವವರೇ ಬೆರಳೆಣಿಕೆಯ ಮಕ್ಕಳು, ನೀನು ಹೋದರೆ ಹೇಗೆ ಎನ್ನುತ್ತಾರೆ. ಆಗ ತಾನು ಕಣ್ಣು ತುಂಬಿಕೊಂಡು, ಮನೆಯ ಪರಿಸ್ಥಿತಿ ಸರ್, ಎನ್ನಬೇಕು. ಯಾವ ಪರಿಸ್ಥಿತಿ ಎಂದರೆ? ಬ್ಯಾಡ್ಜಿಗೆ ಜಾಗ ಬಿಟ್ಟಿದ್ದಾರೆ ಸರ್.

ಮುದುಕನ ಮುಖ ಬೂದಿಯಾಗಿದ್ದನ್ನು ಮೊದಲು ಕಂಡವಳು ಮೀನಿನ ಹೆಂಗಸು. "ಅಯ್ಯೋ, ಲೋಲೋ! ಅಜ್ಜಾ!" ಎಂದು ಕೂಗಿದಳು. ಅವನ ಕಣ್ಣು ಮೇಲಕ್ಕೆ ಹೋಗಿತ್ತು, ಕತ್ತು ಮೇಸ್ತ್ರಿಯ ಭುಜಕ್ಕೆ ವಾಲಿತ್ತು. ಜೀಪ್ನಿಯಲ್ಲಿದ್ದ ಪ್ರತಿಯೊಬ್ಬನಿಗೂ ಏಕಕಾಲಕ್ಕೆ ಕೈಗಳು ಬಂದವು. ಮೇಸ್ತ್ರಿ ಮುದುಕನ ಕಂಕುಳಿಗೆ ಕೈ ಹಾಕಿ ನೆಟ್ಟಗೆ ಕೂರಿಸಿದ. ಒಬ್ಬಳು ಹಣೆಗೆ ಘಾಟು ಎಣ್ಣೆ ಉಜ್ಜಿದಳು. ಇನ್ನೊಬ್ಬ ತುಟಿಗೆ ನೀರಿನ ಬಾಟಲಿ ಒತ್ತಿದ, ನೀರು ಗಲ್ಲದಿಂದಿಳಿದು ಹುಂಜದ ಮೇಲೆ ಬಿತ್ತು. ಹುಂಜ ಚೀಲದಿಂದ ಹಾರಿ ಗ್ರೇಸಿಲ್‌ಳ ಮಡಿಲಿಗೆ ಬಂದು ತನ್ನ ಕೆಲಸ ಮುಗಿಸಿತು. ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿ ಬಿಳಿ ಬಟ್ಟೆಯವಳನ್ನು ನೋಡಿದರು.

ಆ ನೋಟವನ್ನು ಅವಳು ಮುಂದೆ ಬಹಳ ಕಾಲ ಮರೆಯಲಿಲ್ಲ. ಅಮ್ಮ ಕೆನ್ನೆ ಹಿಡಿದಾಗಲೂ ಅಮ್ಮನ ಕಣ್ಣಲ್ಲಿ ಅದೇ ಇತ್ತು. ನಾನಲ್ಲ, ಇದು ಬರೀ ಬಟ್ಟೆ, ಜೇಬಿನ ಮೇಲೆ ನೋಡಿ ಏನೂ ಇಲ್ಲ ಎಂದು ಕೂಗಬೇಕೆನ್ನಿಸಿತು. ನಾಡಿ ಹಿಡಿಯಬೇಕೇ? ನಾಡಿ ಹಿಡಿದು ಏನು ಎಣಿಸುವುದು? ದಿನಾ ಬೆಳಿಗ್ಗೆ ಜೊತೆಗೆ ಬರುವ ನರ್ಸಿಂಗಿನ ಶೇರ್ಲಿ ಇದ್ದಿದ್ದರೆ ಏನೋ ಒಂದು ಮಾಡುತ್ತಿದ್ದಳು, ಅವಳಿಗೆ ಹಾಗೆ ಕಲಿಸುತ್ತಾರೆ. ತನಗೆ ಕಲಿಸಿದ್ದು ಬರೀ ನೀರಿನ ಕಂಬ. ಕೊಳವೆಯಲ್ಲಿ ದ್ರವವನ್ನು ಎಷ್ಟೆತ್ತರಕ್ಕೆ ಏರಿಸಬೇಕೋ ಅಷ್ಟು ಒತ್ತಡ ಬೇಕು. ತಲೆ ಎದೆಗಿಂತ ಇಷ್ಟು ಮೇಲಿದೆ. ರಕ್ತ ಕಾಲಿಗಿಳಿದು ಕೂತರೆ ಎದೆಯ ಪಂಪಿಗೆ ಎತ್ತಲು ಏನೂ ಸಿಗುವುದಿಲ್ಲ. ಹೋದ ತಿಂಗಳು ಪರೀಕ್ಷೆಯಲ್ಲಿ ಇದೇ ಲೆಕ್ಕ ಬಂದು ಒಂದು ಸೊನ್ನೆ ಬಿಟ್ಟು ಅಂಕ ಕಳೆದುಕೊಂಡಿದ್ದಳು. ಮೂರ್ಛೆ ಹೋದವನು ಬೀಳುತ್ತಾನೆ, ಬಿದ್ದ ಕೂಡಲೇ ತಲೆ ಎದೆಯ ಮಟ್ಟಕ್ಕೆ ಬರುತ್ತದೆ, ರಕ್ತ ಸಲೀಸಾಗಿ ಹರಿಯುತ್ತದೆ, ಎಚ್ಚರಾಗುತ್ತದೆ. ಬೀಳುವುದೇ ಔಷಧಿ. ಈ ಮುದುಕನನ್ನು ಯಾರೂ ಬೀಳಲು ಬಿಡುತ್ತಿಲ್ಲ! ಆ ಕಡೆ ಮೀನಿನ ಹೆಂಗಸು, ಈ ಕಡೆ ಮೇಸ್ತ್ರಿ, ಇಡೀ ಜೀಪ್ನಿಯ ಒಳ್ಳೆಯತನ ಸೇರಿ ಅವನನ್ನು ನೆಟ್ಟಗೆ ಕೂರಿಸಿ ಕೊಲ್ಲುತ್ತಿದೆ.

"ಬಿಡಿ ಅವರನ್ನ!" ಎಂದಳು ಗ್ರೇಸಿಲ್. ದನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಬೀಳಲಿ ಬಿಡಿ!"

"ಏನು ಮಾತು ಅಂತ ಆಡ್ತಿದೀಯೇ ಇಂದಾಯ್!" ಎಂದ ಮೇಸ್ತ್ರಿ, ಇನ್ನಷ್ಟು ಬಿಗಿಯಾಗಿ ಎತ್ತಿ ಹಿಡಿದು. "ವಯಸ್ಸಾದವರು ಕಣಮ್ಮ!"

"ಬೀಳಿಸಿ ಅಂದೆ! ಕೆಳಗೆ ಮಲಗ್ಸಿ! ಕಾಲು ಮೇಲೆ ಎತ್ತಿ!"

"ಎಲ್ಲಿ ಮಲಗ್ಸೋದು? ನನ್ನ ಮೀನಿನ ಮೇಲಾ?"

ಮುದುಕನ ಕಂಕುಳಿನಲ್ಲಿದ್ದ ಮೇಸ್ತ್ರಿಯ ಕೈಯನ್ನು ಅವಳು ಹಿಡಿದೆಳೆದಳು. ಬಿಡದೇ ಇದ್ದಾಗ, ಆಮೇಲೆ ನೆನೆದರೆ ಕಿವಿ ಬಿಸಿಯಾಗುವ ಕೆಲಸವನ್ನೂ ಮಾಡಿದಳು, ಅವನ ಕೈಗೆ ಪಟ್ಟೆಂದು ಬಾರಿಸಿದಳು. ಅಪ್ಪನ ವಯಸ್ಸಿನ ಗಂಡಸು. ಅವನು ಬೆರಗಾಗಿ ಕೈ ಬಿಟ್ಟ. ಮುದುಕ ಎರಡು ಬೆಂಚಿನ ನಡುವಿನ ಕಾಲುಗಳ ಕಾಡಿನೊಳಗೆ ನಿಧಾನವಾಗಿ ಜಾರಿದ, ತಲೆ ಅವಳ ಬಿಳಿ ಬೂಟಿನ ಮೇಲೆ ಬಂತು. ಅವಳು ಅವನ ಎರಡು ಹಿಮ್ಮಡಿಗಳನ್ನೂ ಎತ್ತಿ ಮೇಸ್ತ್ರಿಯ ತೊಡೆಯ ಮೇಲಿಟ್ಟು, "ಹಿಡ್ಕೊಳಿ," ಎಂದಳು. ಮೇಸ್ತ್ರಿ ಹಿಡಿದುಕೊಂಡ. ನೊಂಗ್ ಬೆರ್ತಿಂಗ್ ಜೀಪ್ನಿಯನ್ನು ಒಂದು ಮೊಬೈಲ್ ಅಂಗಡಿಯ ಬಾಗಿಲಿಗೇ ಅಡ್ಡ ನಿಲ್ಲಿಸಿದ್ದ. ಎಲ್ಲರೂ ಕೆಳಗೆ ನೋಡುತ್ತಿದ್ದರು. ಗ್ರೇಸಿಲ್‌ಗೆ ಒಂದೇ ಒಂದು ಕ್ಷಣ, ತಾನು ಸೊನ್ನೆ ಬಿಟ್ಟವಳು ಎಂಬುದು ನೆನಪಾಯಿತು.

ಮುದುಕ ಕಣ್ಣು ಬಿಟ್ಟ. ಕೆನ್ನೆಗೆ ಬಣ್ಣ ಮರಳುವುದನ್ನು ಅವಳು ಬಗ್ಗಿ ನೋಡಿದಳು. ಲೆಕ್ಕದಲ್ಲಿ ಹೇಗೆ ಬರೆದಿತ್ತೋ ಹಾಗೇ, ಯಾರ ಮುಲಾಜೂ ಇಲ್ಲದೆ ರಕ್ತ ತನ್ನ ದಾರಿ ಹಿಡಿದು ಬಂದಿತ್ತು. ಅಳು ಬಂತು. ದೇವರಾಣೆ, ಮುದುಕ ಉಳಿದನೆಂದಲ್ಲ, ಉಳಿಯುತ್ತಿದ್ದನೇನೋ. ಪುಸ್ತಕದಲ್ಲಿದ್ದದ್ದು ಇಲ್ಲಿ, ಮೀನಿನ ವಾಸನೆಯ ನಡುವೆ, ನಿಜವಾಗಿಯೂ ಇತ್ತು ಎಂಬುದಕ್ಕೆ. "ನನ್ನ ಹುಂಜ ಎಲ್ಲಿ?" ಎಂದ ಮುದುಕ.

"ನೀವು ಯಾವ ಆಸ್ಪತ್ರೆ ನರ್ಸಮ್ಮಾ?" ಎಂದು ಮೇಸ್ತ್ರಿ ಈಗ ಬಹುವಚನಕ್ಕೆ ಏರಿ ಕೇಳಿದ. ಕಾಲುಗಳನ್ನು ಇನ್ನೂ ಬಿಟ್ಟಿರಲಿಲ್ಲ.

"ನಾನು ನರ್ಸ್ ಅಲ್ಲ. ಬಯೋಫಿಸಿಕ್ಸ್."

ಮೀನಿನ ಹೆಂಗಸು ಬುಟ್ಟಿ ಸರಿಮಾಡಿಕೊಳ್ಳುತ್ತಾ, ಬಹಳ ಮರ್ಯಾದೆಯಿಂದ, "ಅದು ಯಾವ ವಾರ್ಡು?" ಎಂದಳು.

ಕಾಲೇಜಿನ ಕಾವಲುಗಾರ ಅವಳನ್ನು ಬಾಗಿಲಲ್ಲಿ ತಡೆದು ನರ್ಸಿಂಗಿನವರ ಗೇಟು ಆ ಕಡೆ ಎಂದ. ಎರಡು ವರ್ಷದಿಂದ ದಿನಾ ನಮಸ್ಕಾರ ಹಾಕಿಸಿಕೊಂಡವನು. ತಾನು ತಾನೇ ಎಂದು ರುಜುವಾತು ಮಾಡಿ ಒಳಗೆ ಹೋಗಿ, ನಲ್ಲಿಯ ಕೆಳಗೆ ಸ್ಕರ್ಟು ತಿಕ್ಕಿದರೆ ಹುಂಜದ ಕಲೆ ಹಸಿರು ದ್ವೀಪದಷ್ಟು ಹರಡಿತು. ಆ ಅವತಾರದಲ್ಲೇ ಸರ್ ಬಾಲ್ತಾಸರರ ಕೋಣೆಗೆ ಹೋದಳು. ಅವರು ಹಳೆಯ ಕಾಗದವೊಂದನ್ನು ಮೇಜಿನ ಮೇಲೆ ಹಾಸಿ ತೊಗರಿಕಾಳು, ಹಂದಿಮಾಂಸ, ಹಲಸು ಹಾಕಿದ ಸಾರನ್ನು ಅನ್ನಕ್ಕೆ ಕಲಸುತ್ತಿದ್ದರು. ಅವಳು ಕಾಗದ ಚಾಚಿ, ದಾರಿಯುದ್ದಕ್ಕೂ ಸಿದ್ಧಪಡಿಸಿದ್ದ ನಿಟ್ಟುಸಿರನ್ನು ಎಳೆದುಕೊಳ್ಳುವಷ್ಟರಲ್ಲಿ ಅವರು ಎಡಗೈಯಿಂದ ಸಹಿ ಹಾಕಿ ಮುಗಿಸಿದ್ದರು. "ನರ್ಸಿಂಗಾ? ಒಳ್ಳೇದು. ಕೆಲಸ ಸಿಗುತ್ತೆ," ಎಂದರು. ಬೇಸರವಿಲ್ಲ, ಬೇಡಿಕೆಯಿಲ್ಲ. ಕಣ್ಣು ತುಂಬಿಕೊಳ್ಳಲು ಅವಕಾಶವೇ ಆಗಲಿಲ್ಲ. ತನ್ನನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಅವಮಾನದಿಂದ ಕಿವಿ ಕೆಂಪಾಗಿ ನಿಂತೇ ಇದ್ದಳು. "ಅದೇನು ಸ್ಕರ್ಟಿನ ಮೇಲೆ?" ಎಂದರು ಸರ್.

ಹೇಳಿದಳು. ಅವರು ಭೇಷ್ ಎನ್ನಲಿಲ್ಲ. ಮುದುಕ ಎಷ್ಟು ಹೊತ್ತು ಕೂತೇ ಇದ್ದ, ಮಂಡಿ ಮಡಿಚಿತ್ತೋ ಚಾಚಿತ್ತೋ, ಕಾಲೆತ್ತಿದ ಮೇಲೆ ಎಚ್ಚರಾಯಿತೋ ಮಲಗಿಸಿದ ಕೂಡಲೇ ಆಯಿತೋ ಎಂದು ಕೇಳಿದರು. ಎರಡನ್ನೂ ಒಟ್ಟಿಗೇ ಮಾಡಿದೆ ಎಂದದ್ದಕ್ಕೆ, "ಹಾಗಾದ್ರೆ ಯಾವುದರಿಂದ ಅಂತ ನಿನಗೆ ಗೊತ್ತಿಲ್ಲ," ಎಂದು ಒಂದು ಹಲಸಿನ ತುಂಡು ಬಾಯಿಗೆ ಹಾಕಿಕೊಂಡರು. ಎಷ್ಟು ಸಿಟ್ಟು ಬಂತೆಂದರೆ! ಅಗಿದು ಮುಗಿಸಿ ಅವರೇ ಮುಂದುವರಿಸಿದರು: "ಸಮುದ್ರದ ಹಾವು ಇದೆಯಲ್ಲ, ಅದನ್ನ ನೀರಿಂದ ತೆಗೆದು ತಲೆ ಮೇಲೆ ಮಾಡಿ ಹಿಡಿದ್ರೆ ರಕ್ತ ಎಲ್ಲಾ ಬಾಲಕ್ಕೆ ಇಳಿದು ಹಾವು ಮೂರ್ಛೆ ಹೋಗುತ್ತೆ. ಮರ ಹತ್ತೋ ಹಾವು ಹೋಗಲ್ಲ. ನೀರೊಳಗೆ ಅದೇ ಸಮುದ್ರದ ಹಾವು ನೆಟ್ಟಗೆ ಮೇಲಕ್ಕೆ ಈಜಿದ್ರೂ ಹೋಗಲ್ಲ. ಹೇಳು."

"ಮರ ಹತ್ತೋದರ ಚರ್ಮ ಬಿಗಿ ಇರುತ್ತೆ," ಎಂದಳು ಗ್ರೇಸಿಲ್ ತಕ್ಷಣ. ಆಮೇಲೆ ಕುರ್ಚಿ ಎಳೆದು ಕೂತಳು. "ಹೃದಯ ತಲೆ ಹತ್ತಿರ ಇರಬೇಕು ಅದಕ್ಕೆ. ಸಮುದ್ರದ್ದಕ್ಕೆ ದೂರ. ಸರ್, ತಾಳಿ. ನೀರೊಳಗೆ ಹೊರಗಿನ ಒತ್ತಡವೂ ಕೆಳಗೆ ಹೋದಷ್ಟೂ ಜಾಸ್ತಿ ಆಗುತ್ತಲ್ಲ, ಒಳಗಿನದೂ ಅಷ್ಟೇ ಜಾಸ್ತಿ. ಎರಡೂ ಸಮ. ಹಾವಿಗೆ ನಿಂತಿದೀನಿ ಅಂತಾನೇ ಗೊತ್ತಾಗಲ್ಲ! ಹಂಗಾದ್ರೆ ಮುದುಕನ್ನ ಸೊಂಟದವರೆಗೆ ನೀರಲ್ಲಿ ನಿಲ್ಸಿದ್ರೂ..."

"ಜೀಪ್ನೀಲಿ ಎಲ್ಲಿಂದ ತರ್ತಿದ್ದೆ ನೀರು?"

ಅವಳು ಜೋರಾಗಿ ನಕ್ಕಳು. ಸಾರಿನ ಕಾಗದದ ಅಂಚಿನಲ್ಲೇ ಹಾವು ಬರೆದಳು, ಹೃದಯ ಇಲ್ಲಿ, ಬಾಲ ಇಲ್ಲಿ ಎಂದು ಗುರುತು ಹಾಕಿದಳು. ಅವರು ಎಣ್ಣೆಗೈಯಲ್ಲೇ ಅದನ್ನು ತಿದ್ದಿದರು. ಅವಳು ಒಪ್ಪಲಿಲ್ಲ, ಅವರು ಒಂದು ಕಡೆ ತಪ್ಪಿದರು, ತಪ್ಪಿದೆ ಎಂದು ಒಪ್ಪಿಕೊಂಡರು, ಇನ್ನೊಂದು ಕಡೆ ನನಗೂ ಗೊತ್ತಿಲ್ಲ ಎಂದರು. ಇಬ್ಬರ ಕೈಯೂ ಒಂದೇ ಹಾವಿನ ಮೇಲಿದ್ದಾಗ ಹೊರಗೆ ಗಂಟೆ ಹೊಡೆಯಿತು. ಮುಚ್ಚುವ ಮೊದಲಿನ ಗಂಟೆ. ಬೇಗ ನಡೆದರೆ ನರ್ಸಿಂಗಿನ ಕಿಟಕಿ ಇನ್ನೂ ತೆರೆದಿರುತ್ತದೆ. ಸರ್ ಕೈ ಒರೆಸಿಕೊಳ್ಳುತ್ತಾ, "ನಿನ್ನ ಕೆಲಸ ಇತ್ತಲ್ಲ," ಎಂದು ನೆನಪಿಸಿದರು. ಅದೂ ಒಳ್ಳೆಯ ಮನಸ್ಸಿನಿಂದಲೇ. ಗ್ರೇಸಿಲ್ ಅಂಗಳಕ್ಕೆ ಬಂದು ಮರದ ಕೆಳಗೆ ನಿಂತಳು. ಸಾಲಿನಲ್ಲಿ ನಾಲ್ಕಾರು ಜನ ಕಾಣುತ್ತಿದ್ದರು. ಕಾಲು ಆ ಕಡೆ ಹೋಗುತ್ತದೆಯೋ ಎಂದು ಕಾದು ನೋಡಿದಳು, ಹೋಗಲಿಲ್ಲ. ಎಷ್ಟೋ ದಿನದ ಮೇಲೆ ಇದೊಂದನ್ನು ಯಾರಿಗೂ ಜಾಣತನವೆಂದು ಮಾರಬೇಕಾಗಿಲ್ಲ ಎನ್ನಿಸಿ ಭಯವಾಯಿತು. ಕಿಟಕಿಗೆ ಅಡ್ಡ ಹಲಗೆ ಬೀಳುವವರೆಗೂ ನಿಂತಿದ್ದು, ಆಮೇಲೆ ಅಮ್ಮನಿಗೆ ಫೋನು ಮಾಡಿದಳು.

"ಬಾ ನನ್ನ ದೊಕ್ತೋರಾ!" ಎಂದಳು ಲುಜ್ವಿ, ಹೊಲಿಗೆಯಂತ್ರದ ಸದ್ದಿನ ಮೇಲೆ. "ಬೆರ್ತಿಂಗ್ ಬಂದು ಎಲ್ಲಾ ಹೇಳ್ದ. ಯಾರೋ ಮುದುಕ ಸತ್ತೇಹೋಗಿದ್ನಂತೆ, ಅಡ್ಡ ಬಂದ ಗಂಡಸರಿಗೆಲ್ಲ ಹೊಡೆದು, ಮುದುಕನ್ನ ಎತ್ತಿ ನೆಲಕ್ಕೆ ಬಡಿದ್ಯಂತೆ, ಎದ್ದು ಕೂತ್ನಂತೆ! ಬಟ್ಟೆ ನೋಡು, ಬಟ್ಟೆ ಹಾಕಿದ ದಿನಾನೇ! ಕಾಗದ ಕೊಟ್ಯಾ?"

"ಇಲ್ಲ."

"ಯಾಕೆ, ಸಾಲು ಉದ್ದ ಇದ್ಯಾ?"

"ಸಾಲು ಉದ್ದ ಇರ್ಲಿಲ್ಲ. ಕೊಡ್ಲಿಲ್ಲ ಅಮ್ಮಾ. ಈಗ ಮುಚ್ಚಿದ್ರು."

ಯಂತ್ರ ನಿಂತಿತು. ಅದು ನಿಂತಾಗ ಅಂಗಡಿ ಎಷ್ಟು ಸದ್ದಿಲ್ಲದ ಜಾಗ ಎಂದು ಗ್ರೇಸಿಲ್‌ಗೆ ಗೊತ್ತಾದದ್ದೇ ಈಗ. "ಆ ಮುದುಕನ್ನ ನಾನು ಎಬ್ಬಿಸಿದ್ದು ನರ್ಸಿಂಗಿಂದಲ್ಲ," ಎಂದಳು. "ಬಯೋಫಿಸಿಕ್ಸಿಂದ. ಆದ್ರೆ ಇದನ್ನ ಬಿಡದೇ ಇದ್ದದ್ದು ಅದಕ್ಕೂ ಅಲ್ಲ. ಪರೀಕ್ಷೆಗೂ ಅಲ್ಲ. ಮೊದ್ಲಿಂದಾನೂ ಪರೀಕ್ಷೆಗೆ ಅಂತ ಅಲ್ವೇ ಅಲ್ಲ."

"ಮತ್ತೆ?"

"ಇಷ್ಟ ಅಮ್ಮಾ. ಸುಮ್ನೆ ಇಷ್ಟ."

ಲುಜ್ವಿ, ಗ್ರೇಸಿಲ್ ನಿರೀಕ್ಷಿಸಿರದ ಸಣ್ಣ ದನಿಯಲ್ಲಿ, "ಅವತ್ತೇ ಹೇಳಿದ್ರೆ ನಾನು ಬೇಡ ಅಂತಿದ್ನಾ?" ಎಂದಳು. ಗ್ರೇಸಿಲ್‌ಗೆ ಉತ್ತರ ಗೊತ್ತಿತ್ತು. ಲುಜ್ವಿಯೇ ಯೋಚಿಸಿ, "ಹೂಂ. ಅಂತಿದ್ದೆ," ಎಂದಳು. ಇಬ್ಬರಿಗೂ ನಗು ಬರುವುದರಲ್ಲಿತ್ತು, ಬರಲಿಲ್ಲ. "ಡಾಕ್ಟರು?"

"ಆಗ್ತೀನಿ. ಇದನ್ನ ಮುಗಿಸಿ ಆಗ್ತೀನಿ."

"ಇಷ್ಟ ಅಂದ್ರೆ... ಹೆಂಗೆ ಇಷ್ಟ? ಏನಿದೆ ಅದರಲ್ಲಿ?"

ಅಷ್ಟರಲ್ಲಿ ಅಂಗಡಿಯೊಳಗಿಂದ, ಬಹುಶಃ ಮಗಳ ಅಂಗಿಯ ಅಳತೆಗೆ ಬಂದಿದ್ದ ನಾಂಗ್ ದೆಲಿಂಗಳ ದನಿ, "ಏನಂತೆ ಲುಜ್, ಬದಲಾಯ್ಸಿದ್ಲಾ?" ಎಂದು ಕೇಳಿತು. ಫೋನಿಗೆ ಅಂಗೈ ಅಡ್ಡ ಬಂದ ಸರಪರ ಸದ್ದು. ಅಂಗೈ ಸರಿಯಾಗಿ ಮುಚ್ಚಿರಲಿಲ್ಲ.

"ಎಲ್ಲಿ ಬಿಡ್ತಾರೆ!" ಎನ್ನುತ್ತಿದ್ದಳು ಅಮ್ಮ ಆ ಕಡೆ. "ಪರೀಕ್ಷೆಗೆ ಇದೇ ಬೇಕಂತೆ ದೆಲಿಂಗ್. ಆ ಸರ್ ಇದಾರಲ್ಲ, ತೆಳ್ಳಗೆ, ಕೈ ಹಿಡ್ಕೊಂಡು ಅತ್ತೇಬಿಟ್ರಂತೆ. ನೀನು ಹೋದ್ರೆ ವಿಭಾಗಾನೇ ಮುಚ್ಚಿಬಿಡ್ತೀನಿ ಅಂದ್ರಂತೆ. ಏನ್ಮಾಡೋದು ಹೇಳು, ಇವಳದ್ದು ಮೆತ್ತನೆ ಮನಸ್ಸು."

ಇಷ್ಟು ದಿನ ಅಮ್ಮ ಹೇಳಿದ್ದೆಲ್ಲ ನಂಬಿ ಹೇಳಿದ್ದು. ಇದು ಗೊತ್ತಿದ್ದೂ ಹೇಳಿದ್ದು. ಗ್ರೇಸಿಲ್ ಮರದ ಕೆಳಗೆ ಫೋನನ್ನು ಕಿವಿಗೆ ಒತ್ತಿಕೊಂಡು, ಅಮ್ಮ ತನಗಾಗಿ ಹೇಳುತ್ತಿದ್ದ ಸುಳ್ಳನ್ನು ಕೊನೆಯವರೆಗೂ ಕೇಳಿಸಿಕೊಂಡಳು.